ಬಗೆಯರಿತು ಬರೆಯುವುದು

ಕನ್ನಡ ಪಂಡಿತನಾದವನಿಗೆ ಗಣಕಯಂತ್ರದ ಗೊಡವೆಯೇಕೆಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಯಂತ್ರಕ್ಕೆ ಬರೆದುಕೊಡುವ ಕ್ರಮವಿಧಿಯೂ ಒಂದು ಭಾಷೆಯಲ್ಲಿಯೇ ರಚಿತವಾಗತಕ್ಕದ್ದು; ಭಾಷೆಯಿದ್ದಲ್ಲಿ ವ್ಯಾಕರಣವಿದೆ; ವ್ಯಾಕರಣವಿದ್ದಲ್ಲಿ ಪಂಡಿತನಿಗೆ ಒಂದು ಮಾತನ್ನಾಡುವ ಅಧಿಕಾರವೂ ಇದೆ. ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಮಕ್ಕಳು ಇಂದು ಗಣಕವಿದ್ಯೆಯನ್ನು ಅರಸಿ ಬೆಂಗಳೂರಿನ ದಾರಿ ಹಿಡಿದಿರುವಾಗ, ಅವರ ಕಲಿಕೆ ಕಂಠಪಾಠವಾಗದೆ ವಿವೇಕವಾಗಬೇಕೆಂಬ ಆಶಯದಿಂದ ಈ ಕೆಲವು ವಿಚಾರಗಳನ್ನು ವಾಚಕರ ಮುಂದಿಡುತ್ತೇನೆ.

ಗಣಕಶಾಸ್ತ್ರಜ್ಞರು 'ಟೈಪ್' ಎಂದು ಕರೆಯುವುದನ್ನು ನಾವು 'ಬಗೆ' ಎನ್ನೋಣ. ಒಂದು ಮಾಹಿತಿಯು ಯಾವ ಬಗೆಯದು, ಅದರೊಡನೆ ಏನು ಮಾಡಬಹುದು, ಏನು ಮಾಡಬಾರದು ಎಂಬ ನಿಯಮವೇ ಅದು. ಇದು ನಮಗೆ ಹೊಸತಲ್ಲ. 'ಮಾಸ್ತಿ' ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಅದು ಮಾಲೂರು ತಾಲ್ಲೂಕಿನ ಒಂದು ಊರು. 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಹಿರಿಯ ಸಾಹಿತಿಯ ಹೆಸರೂ ಹೌದು. 'ಮಾಸ್ತಿಗೆ ಹೋದೆವು' ಎಂದರೆ ಊರು. 'ಮಾಸ್ತಿಯವರಿಗೆ ನಮಸ್ಕರಿಸಿದೆವು' ಎಂದರೆ ವ್ಯಕ್ತಿ. ಅಕ್ಷರ ಒಂದೇ, ಬಗೆ ಬೇರೆ. ಕನ್ನಡ ಬಲ್ಲವನು ಎಡವುವುದಿಲ್ಲ. ಯಂತ್ರವಾದರೋ ನಾವು ಹೇಳಿಕೊಟ್ಟಷ್ಟನ್ನೇ ಬಲ್ಲುದು.

ಬಗೆಗಳನ್ನು ಕಟ್ಟುವುದರಲ್ಲಿ ಎರಡು ಸಂಪ್ರದಾಯಗಳಿವೆ. ಮೊದಲನೆಯದು ವಸ್ತುಪ್ರಧಾನ ಪದ್ಧತಿ. 1960ರ ದಶಕದಲ್ಲಿ ನಾರ್ವೆಯ ದಾಲ್ ಮತ್ತು ನ್ಯೂಗಾರ್ಡ್ ಎಂಬ ವಿದ್ವಾಂಸರು ರಚಿಸಿದ 'ಸಿಮುಲಾ' ಭಾಷೆಯಿಂದ ಹೊರಟು, 1995ರಲ್ಲಿ ಪ್ರಕಟವಾದ 'ಜಾವಾ'ದ ಮೂಲಕ ಅದು ಲೋಕವ್ಯಾಪಿಯಾಯಿತು. ಇಲ್ಲಿ ಪ್ರತಿಯೊಂದು ವಸ್ತುವೂ ತನ್ನ ಗುಣಗಳನ್ನೂ ತನ್ನ ಕ್ರಿಯೆಗಳನ್ನೂ ಜೊತೆಯಲ್ಲಿಯೇ ಹೊತ್ತುಕೊಂಡಿರುತ್ತದೆ. ಎರಡನೆಯದು ಕ್ರಿಯಾಪ್ರಧಾನ ಪದ್ಧತಿ. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಮತ್ತು ಅವರ ಸಂಗಡಿಗರು ರೂಪಿಸಿದ 'ಎಂಎಲ್', 1990ರ 'ಹ್ಯಾಸ್ಕೆಲ್' ಈ ಮಾರ್ಗದ ಭಾಷೆಗಳು. ಇಲ್ಲಿ ಮಾಹಿತಿ ಒಂದು ಕಡೆ, ಕ್ರಿಯೆ ಇನ್ನೊಂದು ಕಡೆ.

ಈ ಭೇದವನ್ನು ತಿಳಿಯಲು ನಮ್ಮ ಕಪಾಟಿನ ಎರಡು ಗ್ರಂಥಗಳು ಸಾಕು: ನಿಘಂಟು ಮತ್ತು ವ್ಯಾಕರಣ. ನಿಘಂಟು ಶಬ್ದಪ್ರಧಾನ. ಒಂದೊಂದು ಶಬ್ದದ ಕೆಳಗೂ ಅದರ ಅರ್ಥ, ರೂಪ, ಪ್ರಯೋಗಗಳೆಲ್ಲ ಕೂಡಿರುತ್ತವೆ. ಹೊಸ ಶಬ್ದವೊಂದು ಬಂದರೆ ಹೊಸ ನಮೂದೊಂದನ್ನು ಸೇರಿಸಿದರಾಯಿತು, ಉಳಿದವನ್ನು ಮುಟ್ಟಬೇಕಾಗಿಲ್ಲ. ವ್ಯಾಕರಣವು ಹಾಗಲ್ಲ. ಕೇಶಿರಾಜನು ಶಬ್ದಮಣಿದರ್ಪಣವನ್ನು ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತವೆಂದು ಪ್ರಕರಣಗಳಾಗಿ ವಿಂಗಡಿಸಿದನು. ಚತುರ್ಥೀ ವಿಭಕ್ತಿಯೆಂಬ ಒಂದು ಕಾರ್ಯವನ್ನು ಎತ್ತಿಕೊಂಡರೆ ಮರಕ್ಕೆ, ಊರಿಗೆ, ಅರಸನಿಗೆ, ಗುರುವಿಗೆ ಎಂದು ಎಲ್ಲ ಬಗೆಯ ಪ್ರಕೃತಿಗಳಿಗೂ ಒಂದೇ ಎಡೆಯಲ್ಲಿ ವಿಧಿ ಹೇಳಬೇಕು. ಹೊಸ ಕಾರ್ಯವನ್ನು ಸೇರಿಸುವುದು ಇಲ್ಲಿ ಸುಲಭ. ಹೊಸ ಬಗೆಯ ಪ್ರಕೃತಿ ಬಂದರೆ ಮಾತ್ರ ಪ್ರತಿಯೊಂದು ಸೂತ್ರವನ್ನೂ ತಿದ್ದಬೇಕು. ಒಂದರ ಸುಲಭ ಮತ್ತೊಂದರ ಕಷ್ಟ. ಈ ಇಕ್ಕಟ್ಟಿಗೆ ಫಿಲಿಪ್ ವಾಡ್ಲರ್ ಎಂಬ ವಿದ್ವಾಂಸರು 1998ರಲ್ಲಿ ಒಂದು ಹೆಸರನ್ನೇ ಇಟ್ಟು ಚರ್ಚಿಸಿದರು.

ಹಾಗಾದರೆ ಯಾವುದು ಮೇಲು? ಪ್ರಶ್ನೆಯನ್ನು ಹೀಗೆ ಕೇಳುವುದೇ ಸರಿಯಲ್ಲ. ಯಾವುದಕ್ಕೆ ಯಾವುದು ಎಂದು ಕೇಳಬೇಕು. ಶ್ರೀನಿವಾಸಪುರದ ಮಾವಿನ ಮಂಡಿಯನ್ನೋ ಕೋಲಾರದ ಟೊಮೆಟೊ ಮಾರುಕಟ್ಟೆಯನ್ನೋ ನೋಡಿ. ಬರುವ ಪದಾರ್ಥಗಳ ತಳಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತವೆ. ಮಾಡುವ ಕೆಲಸಗಳಾದರೋ ತೂಗುವುದು, ಹರಾಜು ಕೂಗುವುದು, ಹಣ ಎಣಿಸುವುದು, ಇಷ್ಟೇ. ಅಲ್ಲಿಗೆ ವಸ್ತುಪ್ರಧಾನ ಪದ್ಧತಿ ಒಪ್ಪುತ್ತದೆ. ತಾಲ್ಲೂಕು ಕಚೇರಿಯ ದಾಖಲೆಯ ಸ್ಥಿತಿ ಇದಕ್ಕೆ ವಿರುದ್ಧ. ಜಮೀನಿನ ಬಗೆಗಳು ಖುಷ್ಕಿ, ತರಿ, ಬಾಗಾಯ್ತು ಎಂದು ಬೆರಳೆಣಿಕೆಯಷ್ಟು. ಅವು ತಲೆಮಾರುಗಳಿಂದ ನಿಂತಿವೆ. ಅವುಗಳನ್ನು ಕುರಿತು ಕೇಳುವ ಪ್ರಶ್ನೆಗಳು ಮಾತ್ರ ದಿನಕ್ಕೊಂದು: ಕಂದಾಯವೆಷ್ಟು, ಬೆಳೆಸಾಲವೆಷ್ಟು, ಪರಿಹಾರಕ್ಕೆ ಅರ್ಹತೆಯುಂಟೆ, ಭಾಗವಾಗಿದೆಯೆ. ಇಲ್ಲಿಗೆ ಕ್ರಿಯಾಪ್ರಧಾನ ಪದ್ಧತಿಯೇ ತಕ್ಕುದೆಂದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಇನ್ನೂ ಬಲವಾದ ಕಾರಣವಿದೆ. ತರ್ಕದಲ್ಲಿ ಸಮುಚ್ಚಯ, ವಿಕಲ್ಪ ಎಂಬ ಎರಡು ಮಾತುಗಳಿವೆ. 'ಇದೂ ಅದೂ' ಎಂಬುದು ಸಮುಚ್ಚಯ. 'ಇದೋ ಅದೋ' ಎಂಬುದು ವಿಕಲ್ಪ. ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಖಾತೆದಾರನ ಹೆಸರು ಇವೆಲ್ಲವೂ ಒಂದು ಪಹಣಿಯಲ್ಲಿ ಕೂಡಿರುವುದು ಸಮುಚ್ಚಯ. ಇದನ್ನು ಎರಡು ಪದ್ಧತಿಗಳೂ ಚೆನ್ನಾಗಿ ಬಲ್ಲವು. ವಿಕಲ್ಪದಲ್ಲಿ ಮಾತ್ರ ಅಂತರ ಕಾಣುತ್ತದೆ. ಖರಾಬು ಜಮೀನನ್ನು ಗಮನಿಸಿ. 'ಅ' ಖರಾಬು ಬೇಸಾಯಕ್ಕೆ ಒದಗದ ನೆಲ. 'ಬ' ಖರಾಬು ದಾರಿ, ಹಳ್ಳ, ಸ್ಮಶಾನ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಎರಡನ್ನೂ 'ಖರಾಬು' ಎಂಬ ಒಂದೇ ಅಂಕಿಯಲ್ಲಿ ಕಲಸಿಬಿಟ್ಟರೆ ಊರಿನ ದಾರಿ ಒಬ್ಬನ ಬೇಲಿಯೊಳಕ್ಕೆ ಸೇರಿಹೋಗುತ್ತದೆ. ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗುತ್ತದೆ. ಕೆರೆಗಳನ್ನೇ ನಂಬಿದ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕ್ರಿಯಾಪ್ರಧಾನ ಭಾಷೆಯಲ್ಲಿ 'ಅ' ಅಥವಾ 'ಬ', ಮೂರನೆಯದಿಲ್ಲ ಎಂದು ಬಗೆಯನ್ನು ಮುಚ್ಚಿ ಹೇಳಬಹುದು. ಮುಂದೆ ಯಾವ ಕ್ರಿಯೆಯಲ್ಲಾದರೂ ಒಂದನ್ನು ಮರೆತರೆ, ಕ್ರಮವಿಧಿ ಓಡುವ ಮೊದಲೇ ಯಂತ್ರ ಎಚ್ಚರಿಸುತ್ತದೆ. ವಸ್ತುಪ್ರಧಾನ ಪದ್ಧತಿಯಲ್ಲಾದರೋ ಮೂಲವರ್ಗದ ಕೆಳಗೆ ಯಾರು ಎಷ್ಟು ಉಪವರ್ಗಗಳನ್ನು ಬೇಕಾದರೂ ಸೇರಿಸಬಹುದೆಂಬುದೇ ಬಹುಕಾಲದ ವಾಡಿಕೆಯಾಗಿತ್ತು.

ಅಳತೆಯ ವಿಷಯವೂ ಹೀಗೆಯೇ. 40 ಗುಂಟೆಗೆ ಒಂದು ಎಕರೆ. 3 ಎಕರೆ 25 ಗುಂಟೆಗೆ 1 ಎಕರೆ 20 ಗುಂಟೆ ಕೂಡಿದರೆ 5 ಎಕರೆ 5 ಗುಂಟೆ. ಇದನ್ನೇ 3.25, 1.20 ಎಂದು ದಶಾಂಶವಾಗಿ ಬರೆದು ಯಂತ್ರಕ್ಕೆ ಕೊಟ್ಟರೆ ಅದು 4.45 ಎನ್ನುತ್ತದೆ. ಅದನ್ನು ಎಕರೆಯ ದಶಾಂಶವೆಂದು ಬಗೆದರೆ 4 ಎಕರೆ 18 ಗುಂಟೆಯಾಯಿತು. ಬಡ ರೈತನ 27 ಗುಂಟೆ ಮಾಯವಾಯಿತು! ತಪ್ಪು ಯಂತ್ರದ್ದಲ್ಲ, ಬಗೆಯರಿಯದೆ ಬರೆದವನದು. ಗುಂಟೆಯೆಂಬುದು 0ಯಿಂದ 39ರವರೆಗೆ ಮಾತ್ರ ಸಲ್ಲುವ ಬೇರೊಂದು ಬಗೆಯೆಂದು ಮೊದಲೇ ವಿಧಿಸಿದ್ದರೆ ಈ ಅನರ್ಥಕ್ಕೆ ಎಡೆಯಿಲ್ಲ. ಇದು ಎರಡು ಪದ್ಧತಿಗಳಲ್ಲಿಯೂ ಸಾಧ್ಯ. ಬೇಕಾದುದು ಬರೆಯುವವನ ಎಚ್ಚರ.

ಇನ್ನು ಖಾಲಿ ಮನೆಯ ಸಮಸ್ಯೆ. ಪಹಣಿಯ 11ನೆಯ ಕಾಲಂ ಇತರ ಹಕ್ಕು ಋಣಗಳಿಗೆ ಮೀಸಲು. ಅದು ಖಾಲಿಯಿದ್ದರೆ ಋಣವಿಲ್ಲವೆಂದೋ, ಬರೆದಿಲ್ಲವೆಂದೋ? ಜಮೀನು ಕೊಳ್ಳುವವನ ಬಾಳು ಈ ಭೇದದ ಮೇಲೆ ನಿಂತಿದೆ. ಗಣಕದಲ್ಲಿಯೂ ಇಂಥ ಶೂನ್ಯವೊಂದುಂಟು. ಅದನ್ನು 'ನಲ್' ಎನ್ನುತ್ತಾರೆ. 1965ರಲ್ಲಿ ಅದನ್ನು ತಂದ ಟೋನಿ ಹೋರ್ ಅವರೇ 2009ರಲ್ಲಿ ಅದು ನೂರು ಕೋಟಿ ಡಾಲರಿನ ಪ್ರಮಾದವೆಂದು ಹೇಳಿದರು. ಕ್ರಿಯಾಪ್ರಧಾನ ಭಾಷೆಗಳು 'ಉಂಟು' ಅಥವಾ 'ಇಲ್ಲ' ಎಂಬುದನ್ನೇ ಒಂದು ವಿಕಲ್ಪವಾಗಿ ಕಟ್ಟಿ, ಎರಡನ್ನೂ ವಿಚಾರಿಸದೆ ಮುಂದೆ ಹೋಗಗೊಡುವುದಿಲ್ಲ.

ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿತು. ಅದು ಮಹತ್ಕಾರ್ಯ. ಆದರೆ ಕಾಗದದ ಮೇಲಿದ್ದಾಗ ಶ್ಯಾನುಭೋಗನ ನೆನಪು ತುಂಬುತ್ತಿದ್ದ ಎಡೆಗಳನ್ನು ಗಣಕದಲ್ಲಿ ಬಗೆಗಳೇ ತುಂಬಬೇಕು. ಒಂದೇ ಊರಿನಲ್ಲಿ ನಾಲ್ವರು ಮುನಿಯಪ್ಪಂದಿರಿರುವ ನಾಡು ನಮ್ಮದು. ಹೆಸರಿನ ಮುಂದಿನ 'ಬಿನ್' ತಂದೆಯನ್ನೂ 'ಕೋಂ' ಗಂಡನನ್ನೂ ಸೂಚಿಸುವ ವಿವೇಕವನ್ನು ಹಿಂದಿನವರು ಇಟ್ಟಿದ್ದರು. 'ತಂದೆಯ ಹೆಸರು' ಎಂಬ ಒಂದೇ ಮನೆಯನ್ನಿಟ್ಟು ವಿಧವೆಯೊಬ್ಬಳ ಗಂಡನನ್ನು ಅವಳ ತಂದೆಯಾಗಿಸುವ ನಮೂನೆಗಿಂತ ಆ ಹಳೆಯ ಎರಡಕ್ಷರಗಳೇ ಮೇಲು.

ಎರಡು ಸಂಪ್ರದಾಯಗಳೂ ಈಗ ಹತ್ತಿರ ಬರುತ್ತಿರುವುದು ಸಂತೋಷದ ಸಂಗತಿ. ಜಾವಾ ಭಾಷೆಯೇ 2021ರಲ್ಲಿ ಉಪವರ್ಗಗಳನ್ನು ಇಷ್ಟೇ ಎಂದು ಮುಚ್ಚುವ ವಿಧಿಯನ್ನು ಸ್ವೀಕರಿಸಿತು; 2023ರಲ್ಲಿ ಅವುಗಳನ್ನು ಬಗೆಬಗೆಯಾಗಿ ಬಿಡಿಸಿ ನೋಡುವ ಕ್ರಮವನ್ನೂ ಪಕ್ವಗೊಳಿಸಿತು. ವಾದವನ್ನು ಬಿಟ್ಟು ಗುಣವನ್ನು ಹಿಡಿಯುವುದು ವಿದ್ಯಾವಂತರ ಲಕ್ಷಣ.

ನಮ್ಮ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನು ಯಂತ್ರದ ಮುಂದೆ ಕೂರಿಸುವ ಮೊದಲು ಅವರ ಕೈಗೆ ಒಂದು ಪಹಣಿಯನ್ನೋ ಹಾಜರಿ ಪುಸ್ತಕವನ್ನೋ ಕೊಟ್ಟು, ಇದರಲ್ಲಿ ಎಷ್ಟು ಬಗೆಗಳಿವೆ, ಯಾವುದು ಸಮುಚ್ಚಯ, ಯಾವುದು ವಿಕಲ್ಪ, ಖಾಲಿ ಬಿಟ್ಟರೆ ಅರ್ಥವೇನು ಎಂದು ಕನ್ನಡದಲ್ಲಿ ಬರೆಯಿಸಿ. ಆ ಪಾಠವನ್ನು ಗಣಕದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಕೂಡಿ ಮಾಡಲಿ. ಭಾಷೆಗಳು ಬಂದು ಹೋಗುತ್ತವೆ. ಇಂದಿನ ಜಾವಾ ನಾಳೆ ಹಳಗನ್ನಡವಾಗಬಹುದು. ಬಗೆಯನ್ನು ಅರಿತು ಬರೆಯುವ ಬುದ್ಧಿ ಮಾತ್ರ ಯಾವ ಭಾಷೆಯಲ್ಲಿಯೂ ಸಲ್ಲುತ್ತದೆ. ಅದನ್ನು ಕಲಿತ ಮಗು ಯಾವ ಕಚೇರಿಯಲ್ಲಿ ಕುಳಿತರೂ ಒಬ್ಬ ರೈತನ ಗುಂಟೆಯನ್ನು ಕಳೆಯದು.