ಸೋಯಾ ಮೇಣದ ಬತ್ತಿಯೂ ಮಸಿಯೂ

ಇತ್ತೀಚಿನವರೆಗೂ ನಮ್ಮ ಮನೆಗಳಲ್ಲಿ ಮೇಣದ ಬತ್ತಿಗೆ ಇದ್ದುದು ಒಂದೇ ಕೆಲಸ: ವಿದ್ಯುತ್ತು ಕೈಕೊಟ್ಟ ರಾತ್ರಿ ಬೆಳಕು ನೀಡುವುದು. ಈಗ ಅದು ಗಾಜಿನ ಬಟ್ಟಲಿನಲ್ಲಿ ಕುಳಿತು, ಪರಿಮಳವನ್ನು ಹೊತ್ತು, ವಿದ್ಯುದ್ದೀಪ ಬೆಳಗುತ್ತಿರುವಾಗಲೇ ಉರಿಯುತ್ತದೆ. ನಾಗಸಂದ್ರದ ಮೆಟ್ರೋ ನಿಲ್ದಾಣದ ಪಕ್ಕದಲ್ಲಿ 2022ರ ಜೂನ್ ತಿಂಗಳಿನಲ್ಲಿ ಐಕಿಯಾ ಮಳಿಗೆ ತೆರೆಯಿತು. ಬಟ್ಟಲಿನ ಬತ್ತಿಗಳು ಇಂದು ಅಲ್ಲಿ ಮಾತ್ರವಲ್ಲ, ಸಣ್ಣಪುಟ್ಟ ಉಡುಗೊರೆ ಅಂಗಡಿಗಳಲ್ಲಿಯೂ ದೊರೆಯುತ್ತವೆ. ಇಂಥವುಗಳಲ್ಲಿ ಸೋಯಾ ಮೇಣದ್ದಕ್ಕೆ ವಿಶೇಷ ಮನ್ನಣೆ, ವಿಶೇಷ ಬೆಲೆ. ಸಸ್ಯಜನ್ಯವಾದುದರಿಂದ ಇದರಲ್ಲಿ ಹೊಗೆಯಿಲ್ಲ, ಮಸಿಯಿಲ್ಲ ಎಂದು ಕೆಲವು ಮಾರಾಟಗಾರರು ಹೇಳುವುದುಂಟು. ಈ ಮಾತಿಗೆ ನಮ್ಮ ಆಕ್ಷೇಪವಿದೆ.

ಸೋಯಾ ಮೇಣವು ಪವಾಡದ ವಸ್ತುವೇನೂ ಅಲ್ಲ. ಸೋಯಾ ಅವರೆಯ ಎಣ್ಣೆಗೆ ನಿಕ್ಕಲ್ ಲೋಹದ ಸಹಾಯದಿಂದ ಜಲಜನಕವನ್ನು ಕೂಡಿಸಿದರೆ ಎಣ್ಣೆಯು ಹೆಪ್ಪುಗಟ್ಟುತ್ತದೆ. ನಮ್ಮ ಅಡುಗೆಮನೆಗೆ ವನಸ್ಪತಿಯನ್ನು ತಂದ ಕ್ರಿಯೆಯೇ ಇದು. ಡಾಲ್ಡಾ ಡಬ್ಬವನ್ನು ಕಂಡವರು ಇದರ ಹತ್ತಿರದ ನೆಂಟನನ್ನು ಕಂಡಂತೆಯೇ. ಇದರಿಂದ ಬತ್ತಿ ಮಾಡುವ ರೂಢಿ 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಬಟ್ಟಲಿಗೆ ಬಳಸುವ ಸೋಯಾ ಮೇಣ ಸುಮಾರು 50 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವಷ್ಟು ಮೃದು. ಗಾಜಿನ ಆಸರೆ ಅದಕ್ಕೆ ಬೇಕಾದುದು ಈ ಕಾರಣದಿಂದಲೇ ಹೊರತು ಅಂದಕ್ಕಾಗಿ ಮಾತ್ರವಲ್ಲ.

ಇನ್ನು ಮಸಿಯ ವಿಚಾರ. ಹರಳೆಣ್ಣೆಯ ದೀಪ ಹಚ್ಚಿ, ಮೇಲೊಂದು ತಟ್ಟೆಯನ್ನು ಕವುಚಿ, ಅದರಲ್ಲಿ ಕುಳಿತ ಮಸಿಯನ್ನು ತುಪ್ಪದಲ್ಲಿ ಕಲಸಿ ಕಾಡಿಗೆ ಮಾಡುತ್ತಿದ್ದುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹರಳೆಣ್ಣೆಗಿಂತ ಸಸ್ಯಜನ್ಯವಾದುದು ಯಾವುದಿದೆ? ಮಸಿಯು ಇಂಧನದ ಕುಲವನ್ನು ಕೇಳಿ ಹುಟ್ಟುವುದಿಲ್ಲ. ಮೈಕೇಲ್ ಫ್ಯಾರಡೆ 1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳ ಮುಂದೆ ಮೇಣದ ಬತ್ತಿಯನ್ನು ಕುರಿತು ಆರಂಭಿಸಿದ ಉಪನ್ಯಾಸಮಾಲೆಯಲ್ಲಿ ತೋರಿಸಿಕೊಟ್ಟಂತೆ, ಜ್ವಾಲೆಯ ಹೊಳಪಿಗೆ ಕಾರಣವೇ ಅದರೊಳಗೆ ಕಾದು ಬೆಳಗುವ ಇಂಗಾಲದ ಕಣಗಳು. ಜ್ವಾಲೆಯ ಹೊರ ಅಂಚಿನಲ್ಲಿ ಸಾಕಷ್ಟು ಗಾಳಿ ದೊರೆತರೆ ಆ ಕಣಗಳು ಉರಿದುಹೋಗುತ್ತವೆ. ದೊರೆಯದಿದ್ದರೆ ಗೋಡೆಗೂ ನಮ್ಮ ಶ್ವಾಸಕೋಶಕ್ಕೂ ಬರುತ್ತವೆ. ಸೋಯಾ ಮೇಣದ ಅಣುವಿನಲ್ಲಿಯೇ ಸ್ವಲ್ಪ ಆಮ್ಲಜನಕವಿರುವುದರಿಂದ ಅದು ಪ್ಯಾರಫಿನ್ನಿಗಿಂತ ತುಸು ಕಡಿಮೆ ಮಸಿ ಕೊಡಬಹುದೆಂಬುದನ್ನು ಒಪ್ಪಬೇಕು. ಆದರೆ ಕಡಿಮೆಯೆಂಬುದು ಬೇರೆ, ಇಲ್ಲವೆಂಬುದು ಬೇರೆ.

ಲೆಕ್ಕ ಹಾಕಿಯೇ ನೋಡೋಣ. ಸಾಧಾರಣ ಬತ್ತಿಯೊಂದು ಗಂಟೆಗೆ 6 ಗ್ರಾಂ ಮೇಣವನ್ನು ಉರಿಸುತ್ತದೆಂದು ಇಟ್ಟುಕೊಂಡರೆ, ಸೋಯಾ ಮೇಣದಿಂದ ಸುಮಾರು 17 ಗ್ರಾಂ, ಪ್ಯಾರಫಿನ್ನಿನಿಂದ ಸುಮಾರು 19 ಗ್ರಾಂ ಇಂಗಾಲಾಮ್ಲ ವಾಯು ಹೊರಬರುತ್ತದೆ. ಒಂದರ ಇಂಗಾಲವನ್ನು ಗಿಡವು ಮೊನ್ನೆಯಷ್ಟೇ ಗಾಳಿಯಿಂದ ಪಡೆದದ್ದು, ಇನ್ನೊಂದರದು ನೆಲದಾಳದ್ದು ಎಂಬ ಭೇದ ಮುಖ್ಯವಾದುದೇ; ಆದರೆ ಮುಚ್ಚಿದ ಕೋಣೆಯಲ್ಲಿ ಕುಳಿತವನಿಗೆ ಅದರಿಂದ ಆಗುವ ಲಾಭ ಅಲ್ಪ. ತುಮಕೂರು ರಸ್ತೆಯ ಧೂಳು, ಗದ್ದಲಗಳಿಗೆ ಅಂಜಿ ಕಿಟಕಿ ಮುಚ್ಚಿಕೊಂಡು ಬತ್ತಿ ಹಚ್ಚುವವರು ಇದನ್ನು ಯೋಚಿಸತಕ್ಕದ್ದು. (ಊದುಬತ್ತಿಯ ಹೊಗೆಗೆ ಹೋಲಿಸಿದರೆ ಇದು ಎಷ್ಟೋ ಮೇಲು ಎಂಬುದನ್ನೂ ನ್ಯಾಯವಾಗಿ ಹೇಳಬೇಕು.)

ಹಾಗಾದರೆ ನಮ್ಮ ಕೈಯಲ್ಲಿರುವುದೇನು? ಬತ್ತಿಯ ಆರೈಕೆ. ಕರಗಿದ ಮೇಣವು ನೂಲಿನ ಎಳೆಗಳ ನಡುವಿನ ಸಂದುಗಳಲ್ಲಿ ತಾನಾಗಿ ಮೇಲೇರುತ್ತದೆ. ನೂಲು ಉದ್ದವಿದ್ದಷ್ಟೂ ಹೆಚ್ಚು ಮೇಣ ಆವಿಯಾಗುತ್ತದೆ, ಜ್ವಾಲೆ ದೊಡ್ಡದಾಗುತ್ತದೆ, ಅದರ ನಡುವಿಗೆ ಗಾಳಿ ಸಾಲದೆ ತುದಿಯಿಂದ ಮಸಿ ಚಿಮ್ಮುತ್ತದೆ. ಆದುದರಿಂದ ಪ್ರತಿ ಸಲ ಹಚ್ಚುವ ಮುನ್ನ ಕರಿದಾದ ತುದಿಯನ್ನು ಕತ್ತರಿಸಿ, 6 ಮಿಲಿಮೀಟರಿನಷ್ಟು, ಎಂದರೆ ಕಾಲು ಅಂಗುಲ, ಮಾತ್ರ ಉಳಿಸಬೇಕು. ನಮ್ಮ ಅಜ್ಜಿಯರು ದೀಪದ ಕುಡಿಯನ್ನು ಚಿವುಟಿ ಸರಿಪಡಿಸುತ್ತಿದ್ದುದು ಇದೇ ವಿದ್ಯೆ. ಎರಡನೆಯ ಶತ್ರು ಮನೆಯ ಫ್ಯಾನು. ಬೀಸುಗಾಳಿಗೆ ಜ್ವಾಲೆ ಓಲಾಡಿದಾಗಲೆಲ್ಲ ಪೂರ್ತಿ ಉರಿಯದ ಇಂಗಾಲ ತಪ್ಪಿಸಿಕೊಳ್ಳುತ್ತದೆ. ಫ್ಯಾನಿನ ಕೆಳಗೆ ಹಚ್ಚಿಟ್ಟ ಬತ್ತಿಯ ಬಟ್ಟಲು ಒಂದು ಪಕ್ಕದಲ್ಲಿ ಮಾತ್ರ ಕರಿಯಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕಿಟಕಿ ಸ್ವಲ್ಪ ತೆರೆದಿರಲಿ, ಬತ್ತಿ ಅದರ ಗಾಳಿಗೆ ನೇರವಾಗಿ ಸಿಕ್ಕದಿರಲಿ.

ಮೊದಲ ಸಲ ಹಚ್ಚಿದಾಗ ಮೇಣ ಅಂಚಿನವರೆಗೂ ಕರಗುವ ತನಕ ಬಿಡಬೇಕು. 7 ಸೆಂಟಿಮೀಟರು ಅಗಲದ ಬಟ್ಟಲಿಗೆ ಸುಮಾರು ಮೂರು ಗಂಟೆ. ಅವಸರದಿಂದ ಆರಿಸಿದರೆ ನಡುವೆ ಬಾವಿ ತೋಡಿದಂತಾಗಿ, ಮುಂದೆ ಸುತ್ತಲಿನ ಮೇಣ ಕರಗದೆ ವ್ಯರ್ಥವಾಗುತ್ತದೆ.

ದೀಪವನ್ನು ಊದಿ ಆರಿಸಬಾರದೆಂದು ಹಿರಿಯರು ಹೇಳುತ್ತಿದ್ದರು. ಅವರ ಕಾರಣ ಬೇರೆ. ನಮ್ಮ ಕಾರಣವೇನೆಂದರೆ, ಊದಿದೊಡನೆ ಏಳುವ ಬಿಳಿಯ ಹೊಗೆ ಉರಿಯದೆ ಉಳಿದ ಮೇಣದ ಆವಿ. ಮುಚ್ಚಳ ಮುಚ್ಚಿದರೆ ಅದು ಕೋಣೆಗೆ ಬರುವುದಿಲ್ಲ. ನೀರನ್ನಂತೂ ಎಂದಿಗೂ ಹಾಕಕೂಡದು. ಕಾದ ಗಾಜು ಸೀಳುತ್ತದೆ, ಬಿಸಿ ಮೇಣ ಸಿಡಿಯುತ್ತದೆ. ಉರಿಯುವ ಬತ್ತಿಯನ್ನು ಪರದೆಯ ಬಳಿ ಬಿಟ್ಟು ಮಲಗಲು ಹೋಗುವವರಿಗೆ ಸೋಯಾ ಮೇಣವು ಯಾವ ರಿಯಾಯಿತಿಯನ್ನೂ ತೋರಿಸದು.

ಮಾರುವವರು ‘ಸಹಜ’, ‘ಶುದ್ಧ’ ಎಂಬ ವಿಶೇಷಣಗಳಿಗೆ ಕೊಡುವ ಜಾಗದಲ್ಲಿ ಈ ನಾಲ್ಕು ಮಾತನ್ನು ಕನ್ನಡದಲ್ಲಿ ಅಚ್ಚುಹಾಕಬೇಕೆಂದು ನಾವು ಕೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಸಾಲು: ತಳದಲ್ಲಿ ಒಂದು ಸೆಂಟಿಮೀಟರು ಮೇಣ ಉಳಿದಾಗ ಹಚ್ಚುವುದನ್ನು ನಿಲ್ಲಿಸಿ, ಏಕೆಂದರೆ ಅಲ್ಲಿಂದ ಮುಂದೆ ಜ್ವಾಲೆಯ ಶಾಖವೆಲ್ಲ ಗಾಜಿನ ತಳಕ್ಕೂ ಅದರಡಿಯ ಮೇಜಿಗೂ ತಗಲುತ್ತದೆ.