ಈಚೆ ನಿಂತವರಿಗೂ ಕಾಣಲಿ: ಕಿರುಗಾವಲು ಹೋಬಳಿಯಿಂದ ಹಕ್ಕೊತ್ತಾಯ

ಸಾರ್ವಜನಿಕ ಸೇವೆಗೆ ಕಂಪ್ಯೂಟರ್ ಕೊಳ್ಳುವ, ಅಳವಡಿಸುವ, ತಂತ್ರಾಂಶ ಬರೆಯುವ ಎಲ್ಲರ ಗಮನಕ್ಕೆ,

ಭೂಮಿ ಯೋಜನೆಯಡಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ಸಿಗತೊಡಗಿದಾಗ, ಕೌಂಟರಿನ ಈಚೆಗೆ ಮುಖ ಮಾಡಿದ ಎರಡನೇ ಮಾನಿಟರ್ ಇಡುವ ಏರ್ಪಾಡೂ ಬಂತು. ಆಚೆ ಏನು ಬರೆಯುತ್ತಿದ್ದಾರೆಂದು ರೈತನೂ ನೋಡಲಿ ಎಂಬುದು ಅದರ ಆಶಯ. ಆದರೆ ಒಂದೇ ಮೇಜಿಗೆ ಹಳೆಯ ಪರದೆಯೊಂದು, ಹೊಸತೊಂದು ಬಂದು ಕೂತರೆ ಆಶಯ ಅಲ್ಲೇ ಮುಕ್ಕಾಗುತ್ತದೆ. 18.5 ಇಂಚಿನ 1366×768 ಪರದೆಯಲ್ಲಿ ಇಂಚಿಗೆ ಸುಮಾರು 85 ಚುಕ್ಕಿ. 27 ಇಂಚಿನ 4ಕೆ ಪರದೆಯಲ್ಲಿ 163. ಎರಡಕ್ಕೂ ಶೇ 100ರ ಸ್ಕೇಲ್ ಇಟ್ಟರೆ ಹೊಸದರಲ್ಲಿ ಅಕ್ಷರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇಂಗ್ಲಿಷ್ ಹೇಗೋ ಓದಿಸಿಕೊಂಡೀತು. ಒತ್ತಕ್ಷರ ಹೊತ್ತ ಕನ್ನಡ ಓದಿಸಿಕೊಳ್ಳದು. ಸಿದ್ದೇಗೌಡರು ಸಿದ್ಧೇಗೌಡರಾದದ್ದು ಪರದೆಯಲ್ಲಿ ಕಾಣದಿದ್ದರೆ, ಮುಂದೆ ಆಧಾರ್‌ಗೂ ಪಹಣಿಗೂ ತಾಳೆಯಾಗದೆ ಸಾಲದ ಅರ್ಜಿ ವಾಪಸಾದಾಗಲೇ ಗೊತ್ತಾಗುವುದು. ಆದ್ದರಿಂದ:

1. ಪ್ರತಿ ಪರದೆಗೂ ಅದರದೇ ಸ್ಕೇಲ್ ಕೊಡಿ. 2013ರ ವಿಂಡೋಸ್ 8.1ರಿಂದಲೂ ಈ ಅನುಕೂಲ ಇದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಒಂದೊಂದೇ ಮಾನಿಟರ್ ಆರಿಸಿ ಹಳೆಯದಕ್ಕೆ 100, 4ಕೆಗೆ 175 ಅಥವಾ 200 ಇಡಬಹುದು. ಅಳವಡಿಸಲು ಬಂದವರೇ ಇದನ್ನು ಮುಗಿಸಿ ಹೋಗಬೇಕು.

2. ಈಚೆ ನಿಂತವರು ಪರದೆಯಿಂದ ದೂರವಿರುತ್ತಾರೆ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಅವರ ಕಡೆಯ ಸ್ಕೇಲ್ ಇನ್ನೂ ಒಂದು ಮೆಟ್ಟಿಲು ಮೇಲಿರಲಿ.

3. ಅಕ್ಷರ ದೊಡ್ಡದು ಮಾಡಲು ರೆಸಲ್ಯೂಷನ್ ಇಳಿಸುವ ಚಾಳಿ ನಿಲ್ಲಲಿ. 4ಕೆ ಪರದೆಯನ್ನು 1366×768ಕ್ಕೆ ಇಳಿಸಿದರೆ ಚುಕ್ಕಿಗಳ ಲೆಕ್ಕ ಸಮನಾಗಿ ಭಾಗವಾಗದು, ಗೆರೆಗಳು ಕಲಸಿಹೋಗುತ್ತವೆ. ಆಗ 3 ಗುಂಟೆಯೋ 8 ಗುಂಟೆಯೋ ಹೇಳುವುದೇ ಕಷ್ಟ.

4. ನಮ್ಮ ಮುಖ್ಯ ಬೇಡಿಕೆ ಇದು. ಡೂಪ್ಲಿಕೇಟ್ ಇಟ್ಟರೆ ಎರಡೂ ಪರದೆ ಒಂದೇ ಚಿತ್ರಕ್ಕೆ ಕಟ್ಟುಬೀಳುತ್ತವೆ, ಯಾವುದಾದರೊಂದು ಸೊರಗಲೇಬೇಕು. ಎಕ್ಸ್‌ಟೆಂಡ್ ಇಟ್ಟರೆ ಸ್ಕೇಲ್ ಬೇರೆಬೇರೆ ಕೊಡಬಹುದು, ಆದರೆ ರೈತನ ಕಡೆ ಬರಿಯ ವಾಲ್‌ಪೇಪರ್ ಉಳಿಯುತ್ತದೆ. ಸೆಟ್ಟಿಂಗ್ ಬದಲಿಸಿದರೆ ಇದು ಬಗೆಹರಿಯದು. ಹೆಸರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ ಇಷ್ಟನ್ನೇ ದಪ್ಪ ಅಕ್ಷರದಲ್ಲಿ ತೋರಿಸುವ ಪ್ರತ್ಯೇಕ ಕಿಟಕಿಯನ್ನು ತಂತ್ರಾಂಶವೇ ಎರಡನೇ ಪರದೆಗೆ ಕಳಿಸಬೇಕು. ಆಪರೇಟರ್ ಮೆನುಗಳನ್ನೆಲ್ಲ ರೈತನಿಗೆ ತೋರಿಸಿ ಏನು ಪ್ರಯೋಜನ?

5. ಪರದೆ ಬದಲಾದಂತೆ ಹೊಂದಿಕೊಳ್ಳದ ಹಳೆಯ ತಂತ್ರಾಂಶವನ್ನು ವಿಂಡೋಸ್ ಫೋಟೊದಂತೆ ಎಳೆದು ಹಿಗ್ಗಿಸುತ್ತದೆ. ಮಸುಕು ಬರುವುದು ಅದರಿಂದ. ಹೊಸ ಆವೃತ್ತಿ ಬರುವ ತನಕ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿಯಲ್ಲಿರುವ ಹೈ ಡಿಪಿಐ ಆಯ್ಕೆಗಳನ್ನು ಪ್ರಯತ್ನಿಸಿ ನೋಡುವುದನ್ನು ಆಪರೇಟರ್‌ಗಳಿಗೆ ಕಲಿಸಿ.

6. ಲಿನಕ್ಸ್ ಹಾಕುವುದಾದರೆ ವೇಲ್ಯಾಂಡ್ ಇರಲಿ. ಹಳೆಯ ಎಕ್ಸ್11ನಲ್ಲಿ ಪರದೆಗೊಂದು ಸ್ಕೇಲ್ ಸರಾಗವಾಗಿ ಸಿಗದು.

7. ಜೋಡಿ ಪರದೆ ಕೊಳ್ಳುವಾಗ ಒಂದೇ ಅಳತೆ, ಒಂದೇ ರೆಸಲ್ಯೂಷನ್ನಿನವೇ ಬರಲಿ. ಸಾವಿರಾರು ರೂಪಾಯಿಯ ಮಾನಿಟರ್ ತಂದು ಕೇಬಲ್ಲಿನಲ್ಲಿ ಉಳಿತಾಯ ಬೇಡ. ಎಚ್‌ಡಿಎಂಐ 1.4ರ ಸಂಪರ್ಕದಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲವಷ್ಟೇ ಬದಲಾಗುತ್ತದೆ, ಮೌಸ್ ತೆವಳುತ್ತದೆ.

8. ಪರೀಕ್ಷೆ ಕನ್ನಡದಲ್ಲೇ ನಡೆಯಲಿ. ದ–ಧ, ಪ–ಷ, ಬ–ಭ, 3–8 ಇರುವ ಒಂದು ಮಾದರಿ ಪಹಣಿಯನ್ನು ತೆರೆದು, ಕೌಂಟರಿನ ಈಚೆ ನಿಂತ ಹಿರಿಯರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಅವರು ತಡವರಿಸದೆ ಓದಿದ ಮೇಲೆಯೇ ಸರಬರಾಜುದಾರರ ಬಿಲ್ಲಿಗೆ ಸಹಿ ಬೀಳಲಿ.

ಇಂತಿ,
ಕಿರುಗಾವಲು ಹೋಬಳಿಯ ರೈತರು ಮತ್ತು ಕಂಪ್ಯೂಟರ್ ಆಪರೇಟರ್‌ಗಳು