ದುಡಿಮೆ ಗುಡ್ಡದ್ದು, ಹೆಸರು ಬಯಲಿಗೆ

ಶಾಲೆಯಲ್ಲಿ ಬಳಪ ಹಿಡಿದು ಬರೆದ ಪಾಟಿಕಲ್ಲು ನೆನಪಿದೆಯಲ್ಲ? ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಅದೇ ಜಾತಿಯ ಕಲ್ಲಿನ ಚೂರುಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಮಣ್ಣು ಅನ್ನುವುದು ಹೆಸರಿಗಷ್ಟೆ. ಗುಡ್ಡವೋ, ಗೋಡೆಗೆ ಏಣಿ ಆನಿಸಿದ ಹಾಗೆ. ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡ ಕೆಲವು ಕಡೆ 65 ಡಿಗ್ರಿಯಷ್ಟು ಕಡಿದಾಗಿದೆ. ನಾನು ಅಲ್ಲಿಗೆ ಹೋದವನಲ್ಲ, ವೈನ್ ರುಚಿ ನೋಡಿದವನೂ ಅಲ್ಲ. ಓದಿ, ಕೇಳಿ ತಿಳಿದದ್ದು. ಆದರೆ ಅಲ್ಲಿನ ರೈತರಿಗೆ ಆದದ್ದನ್ನು ನಾವೂ ತಿಳಿದಿರಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಜಾಗದಲ್ಲಿ ಯಾಕೆ ಬೆಳೀಬೇಕು ಅಂತ ಕೇಳಬಹುದು. ಅದು ಚಳಿ ದೇಶ. ಅಲ್ಲಿನ ತಳಿ ರೀಸ್ಲಿಂಗ್, ತಡವಾಗಿ ಹಣ್ಣಾಗುವಂಥದ್ದು. ಕೊಯ್ಲು ನವೆಂಬರ್‌ವರೆಗೂ ಹೋಗುವುದುಂಟು. ಬಯಲಿನಲ್ಲಿ ಇದಕ್ಕೆ ಬಿಸಿಲು ಸಾಲದು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೇರ ಬೀಳುತ್ತದೆ. ಕರಿಕಲ್ಲು ಹಗಲೆಲ್ಲ ಕಾದು ರಾತ್ರಿ ಆ ಶಾಖವನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ನೀರು ನಿಲ್ಲುವುದಿಲ್ಲ, ಬೇರು ಕಲ್ಲಿನ ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಕಲ್ಲು ಅಲ್ಲಿ ಶಾಪವಲ್ಲ, ಬಂಡವಾಳ.

ಆದರೆ ಆ ಬಂಡವಾಳ ದುಡಿಸಿಕೊಳ್ಳುವುದು ಸುಲಭವಲ್ಲ. ಟ್ರ್ಯಾಕ್ಟರ್ ಹತ್ತುವುದಿಲ್ಲ. ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಸವರುವುದು, ಕಟ್ಟುವುದು, ಕೊಯ್ಯುವುದು ಎಲ್ಲ ಕೈಯಲ್ಲೇ. ಮಳೆಗೆ ಜಾರಿದ ಕಲ್ಲುಚೂರನ್ನು ಹಿಂದೆ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರು. ಈಗ ಕೆಲವು ಕಡೆ ಒಂಟಿ ಹಳಿಯ ಗಾಡಿ ಬಂದಿದೆ. ಆದರೂ ಯಂತ್ರ ಓಡುವ ಬಯಲು ತೋಟಕ್ಕಿಂತ ಮೂರು-ನಾಲ್ಕು ಪಟ್ಟು ಹೆಚ್ಚು ಆಳು ಬೇಕು. ಕೊಯ್ಲಿಗೆ ಪೋಲೆಂಡ್, ರೊಮೇನಿಯಾದಿಂದ ಕೂಲಿಗಳು ಬರುತ್ತಾರೆ.

ಈ ಖರ್ಚನ್ನು ಹೊರುತ್ತಿದ್ದದ್ದು ಬೆಲೆ, ಬೆಲೆಯನ್ನು ತರುತ್ತಿದ್ದದ್ದು ಹೆಸರು. 1787ರಲ್ಲಿ ಟ್ರಿಯರ್ ನಾಡಿನ ದೊರೆ ಕ್ಲೆಮೆನ್ಸ್ ವೆನ್ಸೆಸ್ಲಾಸ್ ಕಳಪೆ ಬಳ್ಳಿ ಕಿತ್ತು ಒಳ್ಳೆಯ ತಳಿ ಹಾಕಿ ಅಂತ ಹುಕುಂ ಹೊರಡಿಸಿದ. 1868ರ ಕಂದಾಯದ ನಕಾಶೆಯಲ್ಲಿ ಯಾವ ಗುಡ್ಡ ಒಂದನೇ ದರ್ಜೆ, ಯಾವುದು ಕಡಿಮೆ ಅಂತ ಬಣ್ಣ ಹಚ್ಚಿ ತೋರಿಸಿದ್ದರು. 1900ರ ಸುಮಾರಿಗೆ ಮೋಸೆಲ್‌ನ ಉತ್ತಮ ವೈನು ಫ್ರಾನ್ಸಿನ ಹೆಸರಾಂತ ವೈನುಗಳ ಸರಿಸಮ ಮಾರುತ್ತಿತ್ತು.

ವೇಲೆನ್ ಊರಿನ ಪ್ರ್ಯೂಮ್ ಮನೆತನ ನೋಡಿ. 1842ರಲ್ಲಿ ಯೋಡೋಕುಸ್ ಪ್ರ್ಯೂಮ್ ಎಂಬವ ಗುಡ್ಡದ ನಡುವೆ ಒಂದು ನೆರಳು ಗಡಿಯಾರ ಕಟ್ಟಿಸಿದ. ಕೆಲಸದವರಿಗೆ ಹೊತ್ತು ಗೊತ್ತಾಗುತ್ತಿತ್ತು. ಮುಂದೆ ಆ ತೋಟಕ್ಕೇ ಗಡಿಯಾರದ ಹೆಸರು ಬಂತು. 1911ರಲ್ಲಿ ಆಸ್ತಿ ಹಿಸ್ಸೆಯಾಯಿತು. ಯೋಹಾನ್ ಯೋಸೆಫ್ ಪ್ರ್ಯೂಮ್ ತನ್ನ ಪಾಲಿನಲ್ಲಿ ಬೇರೆ ಮನೆ ಹೂಡಿದ. ಹಿಸ್ಸೆಯಾದರೂ ಬೇಸಾಯ ಕೆಡಲಿಲ್ಲ. ರೀಸ್ಲಿಂಗ್ ಬಿಟ್ಟು ಬೇರೆ ತಳಿ ಹಾಕಲಿಲ್ಲ. ಆ ಮನೆಯ ವೈನು ಇವತ್ತಿಗೂ ಅದೇ ಮನೆಯ ಹೆಸರಲ್ಲಿ ಸೀಸೆಗೆ ಇಳಿಯುತ್ತದೆ.

ಎಲ್ಲರಿಗೂ ಹಾಗೆ ಆಗಲಿಲ್ಲ. 1971ರಲ್ಲಿ ಜರ್ಮನಿ ವೈನಿಗೆ ಹೊಸ ಕಾನೂನು ತಂತು. ಸಾವಿರಾರು ಸಣ್ಣ ತೋಟದ ಹೆಸರುಗಳು ಅಳಿಸಿಹೋದವು. ಅನೇಕ ಊರುಗಳ ತೋಟಗಳನ್ನು ಗುಂಪು ಮಾಡಿ, ಹೆಸರಾದ ಒಂದು ಊರಿನ ಹೆಸರನ್ನು ಗುಂಪಿಗೆಲ್ಲ ಕೊಟ್ಟರು. ದರ್ಜೆಯನ್ನು ಗುಡ್ಡ ನೋಡಿ ಅಲ್ಲ, ಹಣ್ಣಿನ ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ಅಳೆದು ಕೊಡತೊಡಗಿದರು. ಪೀಸ್‌ಪೋರ್ಟ್ ಊರಿನ ಕಡಿದಾದ ಗುಡ್ಡಕ್ಕೆ ಗೋಲ್ಡ್‌ಟ್ರೋಪ್ಶೆನ್ ಅಂತ ಹೆಸರು, ಚಿನ್ನದ ಹನಿ ಅಂತ ಅರ್ಥ. ಅದೇ ಊರಿನ ಹೆಸರು ಹೊತ್ತ ಪೀಸ್‌ಪೋರ್ಟರ್ ಮಿಷೆಲ್ಸ್‌ಬೆರ್ಗ್ ಮಾತ್ರ ಗುಂಪಿನ ಹೆಸರು. ಅದರೊಳಗೆ ಬಯಲಲ್ಲಿ ಬೇಗ ಹಣ್ಣಾಗುವ, ಗೊಂಚಲು ಗೊಂಚಲು ಸುರಿಯುವ ಮ್ಯೂಲರ್-ಟೂರ್ಗಾವ್ ತಳಿಯ ವೈನೂ ಸೇರಿತು. ಕೊಳ್ಳುವವನಿಗೆ ಏನು ಗೊತ್ತು? ಅವನು ಓದಿದ್ದು ಪೀಸ್‌ಪೋರ್ಟ್ ಅಂತ. ಅಗ್ಗದ ಸಿಹಿ ವೈನು ಹೊರದೇಶದ ಅಂಗಡಿಗಳನ್ನು ತುಂಬಿತು. ಹೆಸರು ಕೆಟ್ಟಿತು.

ಪೆಟ್ಟು ಬಿದ್ದದ್ದು ಬಯಲಿನವನಿಗೆ ಮಾತ್ರ ಅಲ್ಲ. ಗುಡ್ಡ ಹತ್ತಿ ದುಡಿದವನಿಗೇ ಜಾಸ್ತಿ. ಬಯಲಿನವ ಅಗ್ಗದ ದರದಲ್ಲೂ ಬದುಕಿಯಾನು, ಅವನಿಗೆ ಯಂತ್ರವಿದೆ. ಗುಡ್ಡದವನಿಗೆ ಬೆಲೆ ಬಿಟ್ಟರೆ ಬೇರೆ ಆಸರೆಯಿಲ್ಲ. 1990ರ ಸುಮಾರಿಗೆ ಮೋಸೆಲ್ ಸೀಮೆಯಲ್ಲಿ 12,000 ಹೆಕ್ಟೇರಿಗೂ ಮೇಲೆ ದ್ರಾಕ್ಷಿ ಇತ್ತು. ಈಗ 9,000ಕ್ಕೂ ಕಡಿಮೆ. ಹೆಸರು ಕೆಟ್ಟದ್ದೊಂದೇ ಕಾರಣವಲ್ಲ. ಮಕ್ಕಳು ಬೇರೆ ಕೆಲಸ ಹಿಡಿದರು, ಕೂಲಿ ಏರಿತು. ಆದರೆ ಬೆಲೆ ಇದ್ದಿದ್ದರೆ ಎಷ್ಟೋ ಮಕ್ಕಳು ನಿಲ್ಲುತ್ತಿದ್ದರು ಅಂತ ನನ್ನ ಎಣಿಕೆ. ಪಾಳು ಬಿದ್ದ ಗುಡ್ಡದಲ್ಲಿ ಮುಳ್ಳು ಬೆಳೆಯುತ್ತದೆ, ಬಿಟ್ಟ ಬಳ್ಳಿಯಿಂದ ಪಕ್ಕದ ತೋಟಕ್ಕೆ ರೋಗ ದಾಟುತ್ತದೆ.

ತಪ್ಪು ಸರ್ಕಾರಕ್ಕೂ ಗೊತ್ತಾಯಿತು. 2021ರಲ್ಲಿ ಕಾನೂನು ತಿದ್ದಿ, ವೈನು ಯಾವ ಜಾಗದ್ದು ಅನ್ನುವುದಕ್ಕೆ ಮತ್ತೆ ಬೆಲೆ ಕೊಟ್ಟರು. ಆಗಲೇ ಐವತ್ತು ವರ್ಷ ಕಳೆದಿತ್ತು. ಕಾಗದ ತಿದ್ದಬಹುದು. ಪಾಳು ಗುಡ್ಡಕ್ಕೆ ಬಳ್ಳಿ ಮರಳಿ ಹತ್ತಿಸುವುದು ಅಷ್ಟು ಸಲೀಸಲ್ಲ.

ಹಾಗಾದರೆ ಬಯಲಿನವ ಬೆಳೆಯಬಾರದೇ ಅಂತ ಯಾರಾದರೂ ಕೇಳಿಯಾರು. ಬೆಳೆಯಲಿ, ಅವನದೂ ಹೊಟ್ಟೆಪಾಡೇ. ಆದರೆ ತನ್ನ ಹೆಸರಲ್ಲಿ ಮಾರಲಿ. ಎಲ್ಲರೂ ಪ್ರ್ಯೂಮ್ ಮನೆಯವರಂತೆ ಸ್ವಂತ ಸೀಸೆ ತುಂಬಿಸಲು ಆಗದು ಅನ್ನುವುದೂ ನಿಜ. ಅದಕ್ಕೆ ಗೋದಾಮು ಬೇಕು, ದುಡ್ಡು ಬೇಕು, ವರ್ಷಗಟ್ಟಲೆ ಕಾಯುವ ತ್ರಾಣ ಬೇಕು. ಅಷ್ಟಿಲ್ಲದವರನ್ನು ಕಾಯಬೇಕಾದದ್ದೇ ಕಾನೂನು. ಅದು ಅವರನ್ನೇ ಬಿಟ್ಟುಕೊಟ್ಟಿತು.

ನನ್ನ ಅಭಿಪ್ರಾಯ ಇಷ್ಟೇ. ಕಷ್ಟದ ನೆಲದ ರೈತ ತೂಕದಲ್ಲಿ ಸುಲಭದ ನೆಲದವನನ್ನು ಎಂದೂ ಗೆಲ್ಲಲಾರ. ಅವನ ಹತ್ತಿರ ಇರುವುದು ಆ ನೆಲದ ರುಚಿ, ಆ ರುಚಿಗೆ ಅಂಟಿದ ಹೆಸರು. ಮಳೆ ನಂಬಿದ ಕಲ್ಲು ಹೊಲದವನಾದ ನನಗೆ ಈ ಮಾತು ಬೇಗ ತಿಳಿಯಿತು. ಹೊಲದ ಬದು ಒಂದು ಮೊಳ ಸರಿದರೆ ನಾವು ಕೋರ್ಟಿಗೆ ಹೋಗುತ್ತೇವೆ. ಹೆಸರಿನ ಬದುವನ್ನು ಯಾರೋ ಮೈಲಿಗಟ್ಟಲೆ ಸರಿಸಿದರೂ ಸುಮ್ಮನಿರುತ್ತೇವೆ. ಮೋಸೆಲ್‌ನ ಗುಡ್ಡದವರು ಕಳೆದುಕೊಂಡದ್ದು ಅಲ್ಲೇ.